ಕರಾವಳಿಯ ಹಸಿರಿಗೆ ಕೆಂಪೇ ಮದ್ದು: ಪೂರಕ ಬಣ್ಣಗಳನ್ನು ಬಳಸುವ ಪೂರ್ತಿ ವಿಧಾನ

ಮಂಗಳೂರು, ಉಡುಪಿ ಕಡೆ ಕೂತು ಚಿತ್ರ ಬರೆಯುವವರಿಗೆ ಒಂದು ಕಷ್ಟ ಉಂಟು. ಇಲ್ಲಿ ಎಲ್ಲಾ ಹಸಿರು. ತೆಂಗು, ಅಡಿಕೆ, ಗದ್ದೆ, ಹಲಸಿನ ಮರ, ಜುಲೈ ಬಂತೆಂದರೆ ಕಾಂಪೌಂಡ್ ಗೋಡೆಯ ಪಾಚಿ ಕೂಡ. ಕಣ್ಣಿಗೆ ಅಷ್ಟು ಚಂದ ಕಾಣುವ ಈ ಹಸಿರನ್ನು ಟ್ಯೂಬಿನಿಂದ ಹಿಂಡಿ ನೇರವಾಗಿ ಕಾಗದಕ್ಕೆ ಹಚ್ಚಿದರೆ ಪ್ಲಾಸ್ಟಿಕ್ ಎಲೆಯ ಹಾಗೆ ಕಾಣುತ್ತದೆ. ಆಗ ಹೆಚ್ಚಿನವರು ಅಂಗಡಿಗೆ ಹೋಗಿ ಇನ್ನೊಂದು ನಮೂನೆಯ ಹಸಿರು ತರುತ್ತಾರೆ. ಅವರಿಗೆ ನಿಜವಾಗಿ ಬೇಕಾದ್ದು ಕೆಂಪು.

ಹಸಿರಿನ ಎದುರಿಗೆ ಕೆಂಪು, ನೀಲಿಯ ಎದುರಿಗೆ ಕಿತ್ತಳೆ, ಹಳದಿಯ ಎದುರಿಗೆ ನೇರಳೆ. ಇವು ಪೂರಕ ಬಣ್ಣಗಳು. ಡ್ರಾಯಿಂಗ್ ಕ್ಲಾಸಿನಲ್ಲಿ ಇದನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ, ಆದರೆ ಬ್ರಶ್ ಕೈಗೆ ಬಂದಾಗ ಇದರಿಂದ ಏನು ಮಾಡಬೇಕು ಅಂತ ಹೇಳಿಕೊಟ್ಟವರು ಕಡಿಮೆ. ಈ ಜೋಡಿಗಳು ಮಾಡುವುದು ಎರಡು ಕೆಲಸ, ಎರಡೂ ತದ್ವಿರುದ್ಧ. ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಹೊಳೆಯಿಸುತ್ತದೆ. ಕಲಸಿದರೆ ಒಂದು ಇನ್ನೊಂದನ್ನು ಮಂಕು ಮಾಡುತ್ತದೆ. ಎಲ್ಲಿ ಪಕ್ಕದಲ್ಲಿಡಬೇಕು, ಎಲ್ಲಿ ಕಲಸಬೇಕು, ಎಷ್ಟು ಕಲಸಬೇಕು ಅಂತ ಗೊತ್ತಾದರೆ ಏಳೆಂಟು ಟ್ಯೂಬಿನಲ್ಲಿ ಇಡೀ ಕರಾವಳಿಯನ್ನು ಬರೆಯಬಹುದು. ಇಲ್ಲಿ ಹೇಳುವುದೆಲ್ಲ ವಾಟರ್‌ಕಲರ್ ಲೆಕ್ಕದಲ್ಲಿ, ಅಕ್ರಿಲಿಕ್‌ಗೆ ಬೇರೆ ಇದ್ದರೆ ಅಲ್ಲಲ್ಲೇ ಹೇಳುತ್ತೇನೆ.

ಹಂತ 1: ಮೊದಲು ನಿಮ್ಮ ಕಣ್ಣನ್ನೇ ಪರೀಕ್ಷೆ ಮಾಡಿ

ಅಂಗಳದಿಂದ ಒಂದು ಕೆಂಪು ಕೇಪಳದ ಹೂವಿನ ಗೊಂಚಲು ಕಿತ್ತು ತನ್ನಿ. ಇಲ್ಲದಿದ್ದರೆ ಕೆಂಪು ಕಾಗದದ ತುಂಡು ಸಾಕು. ಅದನ್ನು ಬಿಳಿ ಹಾಳೆಯ ಮೇಲಿಟ್ಟು, ಒಳ್ಳೆ ಬೆಳಕಿರುವ ಕಡೆ, ನಡುವಿನ ಒಂದೇ ಬಿಂದುವನ್ನು 30 ಸೆಕೆಂಡ್ ಕಣ್ಣು ಕದಲಿಸದೆ ನೋಡಿ. ಆಮೇಲೆ ಹೂವನ್ನು ತಟ್ಟನೆ ಸರಿಸಿ ಹಾಳೆಯನ್ನೇ ನೋಡುತ್ತಾ ಇರಿ. ಹೂವು ಇದ್ದ ಜಾಗದಲ್ಲಿ ನೀಲಿ ಬೆರೆತ ತಿಳಿ ಹಸಿರು ತೇಲಿ ಬರುತ್ತದೆ. ಅಲ್ಲಿ ಬಣ್ಣವೇ ಇಲ್ಲ, ಅದನ್ನು ಹುಟ್ಟಿಸಿದ್ದು ನಿಮ್ಮ ಕಣ್ಣು. ಕೆಂಪನ್ನು ಹಿಡಿಯುವ ಜೀವಕೋಶಗಳು ಒಂದೇ ಸಮನೆ ಕೆಲಸ ಮಾಡಿ ದಣಿದಿರುತ್ತವೆ, ಬಿಳಿ ಹಾಳೆಯಿಂದ ಎಲ್ಲಾ ಬಣ್ಣದ ಬೆಳಕು ಬಂದಾಗ ಅವು ಸರಿಯಾಗಿ ಉತ್ತರ ಕೊಡುವುದಿಲ್ಲ, ಹಾಗಾಗಿ ಎದುರಿನ ಬಣ್ಣ ಮೇಲುಗೈ ಪಡೆಯುತ್ತದೆ. ಆಪರೇಶನ್ ಥಿಯೇಟರಿನಲ್ಲಿ ಡಾಕ್ಟರುಗಳು ಬಿಳಿ ಬಿಟ್ಟು ಹಸಿರು ಬಟ್ಟೆ ಹಾಕುವುದಕ್ಕೂ ಇದು ಒಂದು ಕಾರಣ. ತುಂಬಾ ಹೊತ್ತು ರಕ್ತವನ್ನೇ ನೋಡಿದ ಕಣ್ಣಿಗೆ ಬಿಳಿ ಬಟ್ಟೆಯ ಮೇಲೆ ಹಸಿರು ಕಲೆ ಕಂಡ ಹಾಗಾಗುತ್ತದೆ, ಹಸಿರು ಬಟ್ಟೆಯ ಮೇಲೆ ಆ ತೊಂದರೆ ಇಲ್ಲ.

ಚಿತ್ರ ಬರೆಯುವವರಿಗೆ ಇದರಿಂದ ಏನು ಅಂತ ಕೇಳಿದರೆ, ಈ ಕೆಲಸ ಕಣ್ಣಿನಲ್ಲಿ ಯಾವಾಗಲೂ ನಡೆಯುತ್ತಲೇ ಇರುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮಿಷೆಲ್ ಯೂಜೆನ್ ಷೆವ್ರಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥರಾಗಿದ್ದರು. ಅಲ್ಲಿನ ಕಪ್ಪು ನೂಲಿಗೆ ಶಕ್ತಿ ಇಲ್ಲ, ಪೇಲವವಾಗಿ ಕಾಣುತ್ತದೆ ಅಂತ ದೂರು ಬಂತು. ಅವರು ನೂಲು ಪರೀಕ್ಷಿಸಿದರು, ಬಣ್ಣದಲ್ಲಿ ಯಾವ ದೋಷವೂ ಇರಲಿಲ್ಲ. ಆ ಕಪ್ಪಿನ ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ಬಣ್ಣಗಳೇ ಕಪ್ಪನ್ನು ಹಾಗೆ ಕಾಣಿಸುತ್ತಿದ್ದವು. ಪಕ್ಕದ ಬಣ್ಣ ತನ್ನ ಪೂರಕದ ಛಾಯೆಯನ್ನು ನೆರೆಯ ಬಣ್ಣದ ಮೇಲೆ ಚೆಲ್ಲುತ್ತದೆ ಎಂಬ ಅವರ ಪುಸ್ತಕ 1839ರಲ್ಲಿ ಬಂತು. ಆಮೇಲೆ ಬಂದ ಫ್ರೆಂಚ್ ಚಿತ್ರಕಾರರು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು.

ಅಂದರೆ ನೀವು ಹಚ್ಚಿದ ಯಾವ ಬಣ್ಣವೂ ಒಂಟಿಯಾಗಿ ಇರುವುದಿಲ್ಲ. ಬೂದು ಬಣ್ಣದ ಒಂದು ಚೌಕವನ್ನು ಕಡು ಹಸಿರಿನ ನಡುವೆ ಇಟ್ಟರೆ ಅದಕ್ಕೆ ಸ್ವಲ್ಪ ಗುಲಾಬಿ ಬರುತ್ತದೆ. ಮಳೆಗಾಲದ ರಸ್ತೆ ತೋಟಗಳ ಮಧ್ಯೆ ನಸುಗೆಂಪಾಗಿ ಕಾಣುವುದರಲ್ಲಿ ಮಣ್ಣಿನ ಪಾಲು ಎಷ್ಟು, ಕಣ್ಣಿನ ಪಾಲು ಎಷ್ಟು ಅಂತ ಒಮ್ಮೆ ನಿಂತು ನೋಡಿ.

ಹಂತ 2: ಚಕ್ರವನ್ನು ನಂಬಿ, ಆದರೆ ಪೂರ್ತಿ ನಂಬಬೇಡಿ

ಕಲರ್ ವೀಲ್‌ನಲ್ಲಿ ಎದುರುಬದುರು ಕೂತ ಬಣ್ಣಗಳೇ ಪೂರಕ ಅಂತ ಹೇಳುತ್ತಾರೆ. ಆದರೆ ಚಕ್ರ ಒಂದೇ ಅಲ್ಲ. ಬಣ್ಣದ ಡಬ್ಬಿಯವರ ಹಳೆ ಚಕ್ರದಲ್ಲಿ ಕೆಂಪು, ಹಳದಿ, ನೀಲಿ ಮೂಲ ಬಣ್ಣ, ಅಲ್ಲಿ ಕೆಂಪಿಗೆ ಎದುರು ಹಸಿರು. ಮೊಬೈಲ್, ಕಂಪ್ಯೂಟರ್ ಬಳಸುವುದು ಬೆಳಕಿನ ಚಕ್ರ, ಅಲ್ಲಿ ಕೆಂಪಿಗೆ ಎದುರು ಸಯಾನ್ (ಹಸಿರು ಬೆರೆತ ನೀಲಿ), ಹಸಿರಿಗೆ ಎದುರು ಮಜೆಂಟಾ (ನೇರಳೆ ಬೆರೆತ ಗುಲಾಬಿ), ನೀಲಿಗೆ ಎದುರು ಹಳದಿ. ಮೇಲಿನ ಹೂವಿನ ಪರೀಕ್ಷೆಯಲ್ಲಿ ಕಂಡ ಬಣ್ಣ ಶುದ್ಧ ಹಸಿರಾಗಿರದೆ ಸ್ವಲ್ಪ ನೀಲಿಗೆ ವಾಲಿತ್ತು, ಅಲ್ವಾ? ಬೆಳಕಿನ ಚಕ್ರ ಹೇಳುವುದಕ್ಕೆ ಅದು ಹತ್ತಿರ.

ಹಾಗಾದರೆ ಯಾವುದು ಸರಿ? ಎರಡೂ ಅವರವರ ಕೆಲಸಕ್ಕೆ ಸರಿ. ಪಕ್ಕಪಕ್ಕ ಇಟ್ಟು ಹೊಳೆಯಿಸಬೇಕಾದರೆ ಕಣ್ಣಿನ ಪೂರಕ ಮುಖ್ಯ. ಕಲಸಿ ಮಂಕು ಮಾಡಬೇಕಾದರೆ ಟ್ಯೂಬಿನೊಳಗಿನ ಪುಡಿ ಮುಖ್ಯ. ನೀಲಿ ಬೆಳಕೂ ಹಳದಿ ಬೆಳಕೂ ಸೇರಿ ಬಿಳಿಯಾಗಬಹುದು, ಆದರೆ ಪ್ಯಾಲೆಟ್ಟಿನಲ್ಲಿ ನೀಲಿ ಹಳದಿ ಕಲಸಿ ಬೂದು ಮಾಡಲು ಹೊರಟರೆ ಸಿಗುವುದು ಹಸಿರು. ಅದಕ್ಕೇ ಕಲಸುವ ಪೂರಕವನ್ನು ಕಂಡುಹಿಡಿಯಲು ಒಂದೇ ದಾರಿ: ನಿಮ್ಮ ಹತ್ತಿರ ಇರುವ ಎರಡು ಟ್ಯೂಬ್ ಕಲಸಿ ನೋಡಿ. ಬಣ್ಣವೇ ಗೊತ್ತಾಗದ ಬೂದು ಅಥವಾ ಕಪ್ಪು ಬಂದರೆ ಅವೆರಡು ಪೂರಕ. ಕಂದು, ನೇರಳೆ, ಹಸಿರು ಯಾವುದಾದರೂ ಒಂದು ಕಡೆ ಎಳೆದರೆ ಸಮೀಪ ಬಂದಿದ್ದೀರಿ ಅಷ್ಟೇ. ಸಮೀಪ ಬಂದರೂ ಸಾಕು ಮಾರಾಯ್ರೆ, ಎಷ್ಟೋ ಸಲ ಆ ಸ್ವಲ್ಪ ಓರೆಯೇ ಚಂದ.

ಹಂತ 3: ಏನೇನು ತರಬೇಕು

ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ, ಕ್ರಿಮ್ಸನ್ ಅಥವಾ ಪರ್ಮನೆಂಟ್ ರೋಸ್, ವರ್ಮಿಲಿಯನ್ ತರಹದ ಒಂದು ಕಿತ್ತಳೆ ಕೆಂಪು, ಲೆಮನ್ ಯೆಲ್ಲೋ, ಯೆಲ್ಲೋ ಓಕರ್ ಅಂದರೆ ಮಣ್ಣಿನ ಹಳದಿ, ವಿರಿಡಿಯನ್ ಅಂದರೆ ನೀಲಿಗೆ ವಾಲಿದ ಹಸಿರು. ಇಷ್ಟು ಸಾಕು. ನೇರಳೆಯನ್ನು ಅಲ್ಟ್ರಾಮರೀನ್ ಮತ್ತು ರೋಸ್‌ನಿಂದ ಮಾಡಿಕೊಳ್ಳಬಹುದು. ಸ್ಯಾಪ್ ಗ್ರೀನ್ ಇಷ್ಟವಿದ್ದರೆ ಇರಲಿ, ಆದರೆ ಅದನ್ನು ಸಾಮಾನ್ಯವಾಗಿ ಎರಡು ಮೂರು ಪುಡಿ ಸೇರಿಸಿಯೇ ಮಾಡಿರುತ್ತಾರೆ, ಅದಕ್ಕೆ ನೀವು ಇನ್ನೆರಡು ಸೇರಿಸಿದರೆ ಕೆಸರು ಗ್ಯಾರಂಟಿ. ಕಪ್ಪು ಟ್ಯೂಬ್ ಬೇಡವೇ ಬೇಡ, ಕಲಿಯುವ ಕಾಲದಲ್ಲಂತೂ ಬೇಡ.

ಟ್ಯೂಬಿನ ಹಿಂದೆ ಪಿಬಿ29, ಪಿಜಿ7 ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಓದಿ. ಅದು ಒಳಗಿರುವ ಪುಡಿಯ ಹೆಸರು. ಪಿಬಿ29 ಅಂದರೆ ಅಲ್ಟ್ರಾಮರೀನ್, ಪಿಜಿ7 ಅಂದರೆ ಥ್ಯಾಲೋ ಹಸಿರು. ವಿರಿಡಿಯನ್ ಹ್ಯೂ ಅಂತ ಬರೆದ ಟ್ಯೂಬಿನಲ್ಲಿ ಹೆಚ್ಚಾಗಿ ಇರುವುದು ಇದೇ ಥ್ಯಾಲೋ, ಅದು ಭಯಂಕರ ಜೋರು ಬಣ್ಣ, ಸೂಜಿ ಮೊನೆಯಷ್ಟು ಸಾಕು. ಪಿಆರ್83 ಅಂತ ಇದ್ದರೆ ಅದು ಹಳೆ ಅಲಿಜರಿನ್ ಕ್ರಿಮ್ಸನ್, ಬಿಸಿಲಿಗೆ ಮಾಸುತ್ತದೆ, ಗೋಡೆಗೆ ಹಾಕುವ ಚಿತ್ರಕ್ಕೆ ಬೇಡ. ದಪ್ಪ ಕಾಗದವೇ ಬೇಕು, 300 ಜಿಎಸ್‌ಎಂ ಇರಲಿ.

ಹಂತ 4: ಜೋಡಿ ಪಟ್ಟಿ ಮಾಡಿ

ಇದನ್ನು ಹಾರಿಸಿಕೊಂಡು ಮುಂದೆ ಹೋಗಬೇಡಿ. ನನಗೆ ಕೇಳಿದರೆ ಇಡೀ ವಿಷಯದಲ್ಲಿ ಅತಿ ಜಾಸ್ತಿ ಕಲಿಸುವುದು ಈ ಒಂದು ಕೆಲಸ.

ಕಾಗದದ ಮೇಲೆ ಅಡ್ಡಕ್ಕೆ ಏಳು ಚೌಕ ಹಾಕಿ. ಎಡ ತುದಿಯಲ್ಲಿ ಶುದ್ಧ ಅಲ್ಟ್ರಾಮರೀನ್, ಬಲ ತುದಿಯಲ್ಲಿ ಶುದ್ಧ ಬರ್ನ್ಟ್ ಸಿಯೆನ್ನಾ. ಎಡದಿಂದ ಬಲಕ್ಕೆ ಬರುತ್ತಾ ಪ್ರತಿ ಚೌಕಕ್ಕೂ ನೀಲಿ ಕಡಿಮೆ ಮಾಡಿ ಸಿಯೆನ್ನಾ ಜಾಸ್ತಿ ಮಾಡುತ್ತಾ ಹೋಗಿ. ಸಿಯೆನ್ನಾ ನೋಡಲು ಕಂದು, ಆದರೆ ಅದರ ಒಳಗಿರುವುದು ಮಂಕಾದ ಕಿತ್ತಳೆ, ಹಾಗಾಗಿ ನೀಲಿಗೆ ಅದು ಪೂರಕ. ನಡುವಿನ ಚೌಕದಲ್ಲಿ ಒಂದು ಅದ್ಭುತ ಬೂದು ಸಿಗುತ್ತದೆ. ಎಡಕ್ಕಿರುವುದು ಆಟಿ ತಿಂಗಳ ಮೋಡ. ಬಲಕ್ಕಿರುವುದು ಒದ್ದೆ ಮುರಕಲ್ಲು. ಅದೇ ಸಾಲನ್ನು ಕೆಳಗೆ ಇನ್ನೊಮ್ಮೆ ಹಾಕಿ, ಈ ಸಲ ನೀರು ಬಹಳ ಜಾಸ್ತಿ ಮಾಡಿ. ದಟ್ಟವಾಗಿದ್ದಾಗ ಎಲ್ಲಾ ಕಪ್ಪಾಗಿ ಕಂಡ ಬಣ್ಣಗಳ ವ್ಯತ್ಯಾಸ ನೀರಾದ ಮೇಲೆ ಹೊರಗೆ ಬರುತ್ತದೆ.

ಮುಂದಿನ ಸಾಲು ವಿರಿಡಿಯನ್ ಮತ್ತು ರೋಸ್. ಇದರ ನಡುವೆ ಬರುವ ಕಪ್ಪು ಟ್ಯೂಬಿನ ಕಪ್ಪಿಗಿಂತ ಆಳ. ಜೋರು ಬಣ್ಣಕ್ಕೆ ಸಾಧು ಬಣ್ಣ ಸುರಿಯುತ್ತಾ ಹೋದರೆ ಟ್ಯೂಬೇ ಖಾಲಿಯಾಗುತ್ತದೆ, ಅದಕ್ಕೇ ಯಾವಾಗಲೂ ಸಾಧು ಬಣ್ಣವನ್ನು ಮೊದಲು ಪ್ಯಾಲೆಟ್ಟಿಗೆ ಹಾಕಿ, ಜೋರು ಬಣ್ಣವನ್ನು ಬ್ರಶ್ ತುದಿಯಿಂದ ತನ್ನಿ. ಇಲ್ಲಿ ರೋಸ್ ಮೊದಲು, ಹಸಿರು ಆಮೇಲೆ.

ಮೂರನೆಯದು ಹಳದಿ ಮತ್ತು ನೇರಳೆ. ಲೆಮನ್ ಯೆಲ್ಲೋ ಜೊತೆ ಒಂದು ಸಾಲು, ಓಕರ್ ಜೊತೆ ಇನ್ನೊಂದು. ಈ ಜೋಡಿ ಉಳಿದವಕ್ಕಿಂತ ಕಷ್ಟ, ಯಾಕೆಂದರೆ ಹಳದಿ ತಿಳಿ, ನೇರಳೆ ಕಡು, ಒಂಚೂರು ನೇರಳೆ ಹೆಚ್ಚಾದರೂ ಹಳದಿ ಸತ್ತು ಹೋಗುತ್ತದೆ. ಓಕರ್ ಜೊತೆಯದ್ದು ಒಣ ಹುಲ್ಲಿನ, ಮರಳಿನ, ಹಳೆ ಸುಣ್ಣದ ಗೋಡೆಯ ಬಣ್ಣಗಳನ್ನು ಕೊಡುತ್ತದೆ.

ಪ್ರತಿ ಸಾಲಿನ ಹಿಂದೆ ಟ್ಯೂಬಿನ ಹೆಸರು ಬರೆದಿಡಿ. ಹೊರಗೆ ಹೋಗುವಾಗ ಈ ಹಾಳೆಯನ್ನು ಚೀಲದಲ್ಲಿ ಹಾಕಿಕೊಳ್ಳಿ, ಎದುರಿನ ಗೋಡೆಗೋ ಮರಕ್ಕೋ ನೇರವಾಗಿ ಹಿಡಿದು ಹೋಲಿಸಬಹುದು.

ಹಂತ 5: ಹಸಿರನ್ನು ಪಳಗಿಸುವುದು

ಈಗ ನಮ್ಮ ಮುಖ್ಯ ಕಷ್ಟಕ್ಕೆ ಬರೋಣ. ವಿರಿಡಿಯನ್ ಪ್ಯಾಲೆಟ್ಟಿಗೆ ಹಾಕಿ, ಅದಕ್ಕೆ ಬರ್ನ್ಟ್ ಸಿಯೆನ್ನಾ ಸೇರಿಸಿ. ಒಂದೇ ತಿರುವಿಗೆ ಅದು ಹಲಸಿನ ಎಲೆಯ ಹಸಿರಾಗುತ್ತದೆ. ಲೆಮನ್ ಯೆಲ್ಲೋ ಮೊದಲು ಬೆರೆಸಿ ಆಮೇಲೆ ಒಂದು ಚುಕ್ಕಿ ವರ್ಮಿಲಿಯನ್ ಹಾಕಿದರೆ ನಾಟಿ ಮುಗಿದ ಗದ್ದೆಯ ಎಳೆ ಹಸಿರು ಬರುತ್ತದೆ. ಟ್ಯೂಬಿನ ಹಸಿರು ಇದ್ದಷ್ಟೇ ಪ್ರಕಾಶವಾಗಿ, ಆದರೆ ಕಿರುಚದ ಹಾಗೆ. ತೆಂಗಿನ ಗರಿಯ ಅಡಿಭಾಗದ ಕತ್ತಲೆಗೆ ವಿರಿಡಿಯನ್ ಮತ್ತು ರೋಸ್ ಸೇರಿಸಿ, ಅರ್ಧಕ್ಕಿಂತ ಸ್ವಲ್ಪ ಹಸಿರು ಜಾಸ್ತಿ ಇರಲಿ.

ಎಷ್ಟು ಕೆಂಪು ಹಾಕಬೇಕು ಅನ್ನುವುದಕ್ಕೆ ನಾನು ಪಾಲಿಸುವ ಲೆಕ್ಕ ದೂರದ್ದು. ಹತ್ತಿರದ ಬಾಳೆ ಎಲೆಗೆ ಕೆಂಪು ಬಹಳ ಕಡಿಮೆ. ನಡುವಿನ ತೋಟಕ್ಕೆ ಅದಕ್ಕಿಂತ ಜಾಸ್ತಿ. ದೂರದ ಘಟ್ಟಕ್ಕೆ ಬರುವಷ್ಟರಲ್ಲಿ ಹಸಿರು ಪೂರ್ತಿ ತಟಸ್ಥವಾಗಿ, ಅದರ ಮೇಲೆ ಅಲ್ಟ್ರಾಮರೀನ್ ಸೇರಿ ನೀಲಿ ಬೂದಾಗಿರುತ್ತದೆ. ಕಾರ್ಕಳದಿಂದ ಮೂಡು ದಿಕ್ಕಿಗೆ ನೋಡಿದರೆ ಈ ಮೂರೂ ಒಂದರ ಹಿಂದೆ ಒಂದು ಕಾಣುತ್ತವೆ. ಮರ ಒಂದೇ ಜಾತಿಯದ್ದಿರಬಹುದು, ಆದರೆ ನಡುವೆ ಇರುವ ತೇವದ ಗಾಳಿ ಬಣ್ಣವನ್ನು ತೊಳೆದುಬಿಡುತ್ತದೆ. ಮಳೆಗಾಲದಲ್ಲಿ ಇದು ಇನ್ನೂ ಬೇಗ ಆಗುತ್ತದೆ, ಪಕ್ಕದ ಗುಡ್ಡವೇ ಬೂದಾಗಿ ಕಾಣುತ್ತದೆ.

ಪೂರ್ತಿ ಕಲಸಬೇಡಿ. ಪ್ಯಾಲೆಟ್ಟಿನಲ್ಲಿ ಅರ್ಧ ಬೆರೆತ ಹಸಿರು ಕೆಂಪನ್ನು ಬ್ರಶ್ಶಿನಲ್ಲಿ ಎತ್ತಿ ಒದ್ದೆ ಕಾಗದಕ್ಕೆ ಇಳಿಸಿದರೆ ಉಳಿದದ್ದು ಕಾಗದದ ಮೇಲೆ ಬೆರೆಯುತ್ತದೆ, ಅಲ್ಲಲ್ಲಿ ಕೆಂಪು ಇಣುಕುತ್ತದೆ, ಅಲ್ಲಲ್ಲಿ ಶುದ್ಧ ಹಸಿರು ಉಳಿಯುತ್ತದೆ. ಮಾವಿನ ಮರದಲ್ಲಿ ಚಿಗುರು ಬಂದಾಗ ಮರವೇ ಇದನ್ನು ಮಾಡಿ ತೋರಿಸುತ್ತದೆ, ತಾಮ್ರದ ಕೆಂಪು ಎಲೆ ಮತ್ತು ಕಡು ಹಸಿರು ಎಲೆ ಒಂದೇ ರೆಂಬೆಯಲ್ಲಿ.

ಹಂತ 6: ಪಕ್ಕಪಕ್ಕ ಇಡುವಾಗ ಪಾಲು ಸರಿಯಾಗಿ ಹಂಚಿ

ಕಲಸುವುದು ಆಯ್ತು, ಇನ್ನು ಹೊಳೆಯಿಸುವುದು. ಇಲ್ಲಿ ಒಂದೇ ಸೂತ್ರ: ಎರಡು ಬಣ್ಣಕ್ಕೂ ಸಮಪಾಲು ಕೊಡಬೇಡಿ. ಒಂದು ಯಜಮಾನ, ಇನ್ನೊಂದು ಅತಿಥಿ. ಯಜಮಾನ ಬಣ್ಣ ವಿಶಾಲವಾಗಿ, ಮಂಕಾಗಿ ಇರಲಿ. ಅತಿಥಿ ಚಿಕ್ಕದಾಗಿ, ಶುದ್ಧವಾಗಿ ಬರಲಿ. ಕೇಪಳದ ಪೊದೆಯನ್ನೇ ನೋಡಿ, ಎಲೆ ಎಷ್ಟು, ಹೂವು ಎಷ್ಟು!

ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡಿದ್ದ ಯೊಹಾನೆಸ್ ಇಟ್ಟೆನ್ ಇದಕ್ಕೆ ಅಂಕಿಗಳನ್ನೇ ಕೊಟ್ಟಿದ್ದರು. ಜರ್ಮನ್ ಕವಿ ಗಯಟೆಯ ಹಳೆ ಲೆಕ್ಕವನ್ನು ಹಿಡಿದು, ಹಳದಿ 1 ಪಾಲು ಇದ್ದರೆ ನೇರಳೆ 3 ಪಾಲು, ಕಿತ್ತಳೆ 1ಕ್ಕೆ ನೀಲಿ 2, ಕೆಂಪು ಹಸಿರು ಸಮಸಮ ಇದ್ದರೆ ತೂಕ ಸರಿಹೋಗುತ್ತದೆ ಅಂತ. ಮೊದಲ ಎರಡು ಅಂಕಿ ಒಳ್ಳೆ ಆರಂಭ, ಅದನ್ನು ಹಿಡಿದು ಅಭ್ಯಾಸ ಮಾಡಿ. ಕೆಂಪು ಹಸಿರಿನ ಸಮಪಾಲನ್ನು ಮಾತ್ರ ನಾನು ಒಪ್ಪುವುದಿಲ್ಲ. ಎರಡೂ ಪೂರ್ತಿ ಶುದ್ಧವಾಗಿ ಅರ್ಧರ್ಧ ನಿಂತರೆ ಚಿತ್ರದಲ್ಲಿ ಜಗಳ. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ಫ್ರಾನ್ಸಿನ ಆರ್ಲ್ ಊರಿನ ಒಂದು ರಾತ್ರಿ ಕಾಫಿ ಅಂಗಡಿಯನ್ನು ಕೆಂಪು ಗೋಡೆ, ಹಸಿರು ಛಾವಣಿ ಮಾಡಿ ಬರೆದದ್ದು ಆ ಜಗಳ ಬೇಕು ಅಂತಲೇ, ಮನುಷ್ಯನ ಕೆಟ್ಟ ಆವೇಶಗಳನ್ನು ತೋರಿಸಲು ಹಾಗೆ ಮಾಡಿದೆ ಅಂತ ತಮ್ಮ ಸೋದರ ಥಿಯೋಗೆ ಪತ್ರದಲ್ಲಿ ಬರೆದಿದ್ದರು. ನಿಮಗೂ ಅದೇ ಬೇಕಿದ್ದರೆ ಹಾಗೆಯೇ ಮಾಡಿ. ಅವರ ಹತ್ತಿರ ಬಣ್ಣದ ಉಣ್ಣೆ ನೂಲಿನ ಉಂಡೆಗಳ ಒಂದು ಪೆಟ್ಟಿಗೆ ಇತ್ತು, ನೂಲನ್ನು ಒಂದಕ್ಕೊಂದು ಹೊಸೆದು ಯಾವ ಜೋಡಿ ಹೇಗೆ ಕಾಣುತ್ತದೆ ಅಂತ ನೋಡುತ್ತಿದ್ದರು. ಟೈಲರ್ ಸಾಮಾನಿನ ಅಂಗಡಿಯಿಂದ ನಾಲ್ಕಾರು ಬಣ್ಣದ ದಾರದ ರೀಲು ತಂದರೆ ನೀವೂ ಇದನ್ನು ಮಾಡಬಹುದು. ಒಂದು ರಟ್ಟಿನ ತುಂಡಿಗೆ ಹಸಿರು ದಾರ ಒತ್ತಾಗಿ ಸುತ್ತಿ, ನಡುವೆ ಒಂದೆರಡು ಸುತ್ತು ಕೆಂಪು. ಮತ್ತೆ ನಾಲ್ಕು ಸುತ್ತು, ಮತ್ತೆ ಎಂಟು. ಎಲ್ಲಿ ಚಂದ ಮುಗಿದು ಗಲಾಟೆ ಶುರುವಾಯಿತು ಅಂತ ಕಣ್ಣಿಗೇ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಅಂಚಿನದ್ದು. ಕೆಂಪು ಹಸಿರು ಎರಡೂ ಶುದ್ಧವಾಗಿದ್ದು, ಎರಡರ ಟೋನ್ ಅಂದರೆ ತಿಳಿ-ಕಡು ಪ್ರಮಾಣವೂ ಒಂದೇ ಆಗಿದ್ದರೆ, ಅವು ಸೇರುವ ಗೆರೆ ನಡುಗಿದ ಹಾಗೆ ಕಾಣುತ್ತದೆ. ಬಣ್ಣ ಬೇರೆ ಅಂತ ಕಣ್ಣು ಹೇಳುತ್ತದೆ, ಬೆಳಕು ಬೇರೆ ಅಂತ ಹೇಳಲು ಅದಕ್ಕೆ ಆಗುವುದಿಲ್ಲ, ಹಾಗಾಗಿ ಗೆರೆ ಎಲ್ಲಿದೆ ಅಂತಲೇ ಗಟ್ಟಿಯಾಗುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ಯಕ್ಷಗಾನದ ವೇಷದಲ್ಲೇ ಉಂಟು. ವೇಷ ಕಟ್ಟುವ ಚೌಕಿಗೆ ಹೋಗಿ ಹತ್ತಿರದಿಂದ ನೋಡಿ. ಕೆಂಪು ಇದೆ, ಹಸಿರು ಇದೆ, ಎರಡೂ ಜೋರಾಗಿಯೇ ಇವೆ. ಆದರೆ ಅವು ನೇರವಾಗಿ ಮೈಗೆ ಮೈ ತಾಗಿಸಿ ನಿಲ್ಲುವುದು ಕಡಿಮೆ. ನಡುವೆ ಬಂಗಾರದ ಬಣ್ಣದ ಎದೆಪದಕ, ಭುಜಕೀರ್ತಿ, ಕಪ್ಪು ಅಂಚು, ಬಿಳಿ ಚುಕ್ಕಿ ಏನಾದರೂ ಒಂದು ಬರುತ್ತದೆ. ಹಿಂದೆ ದೊಂದಿ ಬೆಳಕಿನಲ್ಲಿ ಆಟ ಆಗುತ್ತಿದ್ದಾಗ ಹಳದಿ ಬೆಳಕಿಗೆ ಕೆಂಪು ಮುಂದೆ ಬಂದು ಹಸಿರು ಸ್ವಲ್ಪ ಕಂದುತ್ತಿತ್ತು, ಆಗ ಟೋನ್ ತಾನಾಗಿ ಬೇರೆಯಾಗುತ್ತಿತ್ತು. ಈಗಿನ ಬಿಳಿ ಲೈಟಿನ ಕೆಳಗೆ ಆ ಕೆಲಸವನ್ನು ಪೂರ್ತಿ ಆ ಕಪ್ಪು ಬಿಳಿ ಬಂಗಾರದ ಅಂಚುಗಳೇ ಮಾಡಬೇಕು. ನಿಮ್ಮ ಚಿತ್ರದಲ್ಲೂ ಹಾಗೆಯೇ: ಅಂಚು ನಡುಗಿದರೆ ನಡುವೆ ಒಂದು ಬೂದು ಅಥವಾ ಕಡು ಗೆರೆ ಎಳೆಯಿರಿ, ಇಲ್ಲವೇ ಒಂದನ್ನು ತಿಳಿ ಮಾಡಿ ಇನ್ನೊಂದನ್ನು ಕಡು ಮಾಡಿ.

ಟೋನ್ ಒಂದೇ ಇದೆಯಾ ಅಂತ ತಿಳಿಯಲು ಮೊಬೈಲಿನಲ್ಲಿ ಚಿತ್ರದ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಕೆಂಪು ಎಲ್ಲಿ, ಹಸಿರು ಎಲ್ಲಿ ಅಂತ ಗೊತ್ತಾಗದಿದ್ದರೆ ಎರಡೂ ಒಂದೇ ಟೋನ್.

ಹಂತ 7: ಮಲ್ಪೆಯ ಸೂರ್ಯ, ನೀಲಿ ಮತ್ತು ಕಿತ್ತಳೆ

ಒಂದೇ ಟೋನ್ ಇರುವುದು ಯಾವಾಗಲೂ ತಪ್ಪಲ್ಲ ಅನ್ನುವುದಕ್ಕೆ ದೊಡ್ಡ ಸಾಕ್ಷಿ ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ 1872ರಲ್ಲಿ ಲೆ ಹಾವ್ರ್ ಬಂದರಿನಲ್ಲಿ ಬರೆದ ಸೂರ್ಯೋದಯ. ನೀಲಿ ಬೂದು ಮಂಜಿನ ನಡುವೆ ಒಂದು ಚಿಕ್ಕ ಕಿತ್ತಳೆ ಸೂರ್ಯ. ಅದರ ಫೋಟೋವನ್ನು ಕಪ್ಪು-ಬಿಳುಪು ಮಾಡಿ ನೋಡಿ, ಸೂರ್ಯ ಹೆಚ್ಚುಕಮ್ಮಿ ಮಾಯವಾಗುತ್ತಾನೆ! ಸುತ್ತಲಿನ ಆಕಾಶಕ್ಕಿಂತ ಅವನು ತಿಳಿಯಾಗಿಲ್ಲ. ಉರಿಯುವ ಹಾಗೆ, ಮಿಡಿಯುವ ಹಾಗೆ ಕಾಣುವುದು ಪೂರ್ತಿ ಪೂರಕ ಬಣ್ಣದ ಬಲದಿಂದ. ಹಿಂದಿನ ಹಂತದಲ್ಲಿ ತೊಂದರೆ ಅಂತ ಹೇಳಿದ ನಡುಕವನ್ನೇ ಇಲ್ಲಿ ಮೊನೆ ಕೆಲಸಕ್ಕೆ ಹಚ್ಚಿದ್ದಾರೆ. ಜಾಗ ಚಿಕ್ಕದು, ಒಂದೇ ಒಂದು, ಅದಕ್ಕೆ ಅದು ನಿಂತಿದೆ.

ಮಲ್ಪೆಯಲ್ಲೋ ಪಣಂಬೂರಿನಲ್ಲೋ ಸಂಜೆ ಕೂತಾಗ ಇದನ್ನು ಮಾಡಿ ನೋಡಿ. ಮೊದಲು ಅಲ್ಟ್ರಾಮರೀನ್ ಮತ್ತು ಸಿಯೆನ್ನಾದ ಬೂದನ್ನು, ನೀಲಿ ಸ್ವಲ್ಪ ಜಾಸ್ತಿ ಇಟ್ಟು, ಆಕಾಶ ಸಮುದ್ರ ಎರಡಕ್ಕೂ ತೆಳ್ಳಗೆ ಹಚ್ಚಿ. ಸೂರ್ಯನಿಗೆ ಬಿಳಿ ಜಾಗ ಬಿಡಿ, ಅವನ ಬೆಳಕು ಅಲೆಯ ಮೇಲೆ ಬೀಳುವ ಕಡೆ ಒಂದೆರಡು ತುಂಡು ಬಿಡಿ. ಪೂರ್ತಿ ಒಣಗಿದ ಮೇಲೆ ಆ ಬಿಳಿಯಲ್ಲಿ ವರ್ಮಿಲಿಯನ್ ಮತ್ತು ಒಂಚೂರು ಹಳದಿ. ಬೇರೆಲ್ಲೂ ಕಿತ್ತಳೆ ಬೇಡ. ದೋಣಿಯ ಬಾವುಟ ಕೆಂಪಿದ್ದರೂ ಈ ಒಂದು ಚಿತ್ರದಲ್ಲಿ ಅದನ್ನು ಮಂಕು ಮಾಡಿ.

ಆಕಾಶದಲ್ಲಿ ಬಣ್ಣ ಹರಡಿರುವ ದಿನ ಬೇರೆ ಸಮಸ್ಯೆ. ಕೆಳಗೆ ಹಳದಿ, ಮೇಲೆ ನೀಲಿ ಇದ್ದು ಒದ್ದೆಯಲ್ಲೇ ಎರಡನ್ನೂ ಸೇರಿಸಿದರೆ ನಡುವೆ ಹಸಿರು ಆಕಾಶ ಹುಟ್ಟುತ್ತದೆ. ಕಿತ್ತಳೆಯನ್ನೂ ನೀಲಿಯನ್ನೂ ಸೇರಿಸಿದರೆ ಬೂದು. ನಡುವೆ ಸೇತುವೆ ಹಾಕಿ: ಹಳದಿ, ಕಿತ್ತಳೆ, ರೋಸ್, ನೇರಳೆ, ಆಮೇಲೆ ನೀಲಿ. ಚಕ್ರದ ಅಂಚಿನಲ್ಲಿ ಸುತ್ತಿ ಹೋದರೆ ಬಣ್ಣ ಉಳಿಯುತ್ತದೆ, ನಡುವೆ ಅಡ್ಡದಾರಿ ಹಿಡಿದರೆ ಬಣ್ಣ ಹೋಗುತ್ತದೆ.

ಹಂತ 8: ನೆರಳಿಗೆ ಕಪ್ಪು ಬೇಡ

ಬಿಳಿ ಗೋಡೆಯ ಮೇಲೆ ಸಂಜೆಯ ಹಳದಿ ಬಿಸಿಲು ಬಿದ್ದಾಗ ಅದೇ ಗೋಡೆಯ ನೆರಳು ನೀಲಿ ನೇರಳೆಯಾಗಿ ಕಾಣುತ್ತದೆ. ಎರಡು ಕಾರಣ. ನೆರಳಿನ ಜಾಗಕ್ಕೆ ಸೂರ್ಯನ ಬೆಳಕು ಇಲ್ಲ, ಆಕಾಶದ ನೀಲಿ ಬೆಳಕು ಮಾತ್ರ ಬರುತ್ತದೆ. ಅದರ ಮೇಲೆ ಕಣ್ಣು ತಾನೇ ಹಳದಿಗೆ ಪೂರಕವನ್ನು ಸೇರಿಸುತ್ತದೆ. ಹಾಗಾಗಿ ಬೆಳಕಿನ ಬಣ್ಣ ಯಾವುದು ಅಂತ ಮೊದಲು ಕೇಳಿಕೊಳ್ಳಿ, ನೆರಳಿಗೆ ಅದರ ಎದುರು ಬಣ್ಣವನ್ನು ಒಂಚೂರು ಸೇರಿಸಿ.

ಅಭ್ಯಾಸಕ್ಕೆ ಒಂದು ಚೆಂಡು ಶಂಕರಪುರ ಮಲ್ಲಿಗೆ ಸಾಕು. ಬಾಳೆನಾರಿನಲ್ಲಿ ಕಟ್ಟಿದ ಆ ಒತ್ತಾದ ಬಿಳಿಯನ್ನು ಬರೆಯಲು ಹೊರಟವರೆಲ್ಲ ನೆರಳಿಗೆ ಬೂದು ಹಾಕಿ ಹೂವನ್ನು ಹಳಸಿದ ಹಾಗೆ ಮಾಡುತ್ತಾರೆ. ಮೊಗ್ಗಿನಲ್ಲಿ ತೆಳ್ಳನೆ ಹಳದಿ ಹಸಿರು ಛಾಯೆ ಇರುತ್ತದೆ, ನೆರಳಿಗೆ ಬಹಳ ನೀರಾದ ನೇರಳೆ, ಅದಕ್ಕೆ ಓಕರ್ ಒಂದು ಚುಕ್ಕಿ. ಅತಿ ಬೆಳಕಿನ ಜಾಗಕ್ಕೆ ಕಾಗದವನ್ನೇ ಬಿಡಿ.

ಮಳೆಗಾಲದ ಮೋಡದ ಬೆಳಕಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಬೆಳಕು ತಣ್ಣಗೆ, ಅಂದರೆ ನೀಲಿಗೆ ವಾಲಿ, ಎಲ್ಲಾ ಕಡೆಯಿಂದ ಬರುತ್ತದೆ, ನೆರಳು ಸ್ವಲ್ಪ ಬೆಚ್ಚಗಿನ ಬಣ್ಣಕ್ಕೆ, ಅಂದರೆ ಕೆಂಪು ಹಳದಿಯ ಕಡೆಗೆ ತಿರುಗುತ್ತದೆ. ಅಂಗಳದ ಕೆಂಪು ಮಣ್ಣು ಗೋಡೆಯ ಕೆಳಭಾಗಕ್ಕೆ ಬಣ್ಣ ಎಸೆಯುತ್ತದೆ. ಇದನ್ನು ನೋಡಿಯೇ ಬರೆಯಬೇಕು, ಪಟ್ಟಿ ನೋಡಿ ಬರೆಯುವುದಲ್ಲ.

ಮಂಗಳೂರಿನಲ್ಲಿದ್ದರೆ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋಗಿ ಬನ್ನಿ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೆನಿ 1899ರ ಸುಮಾರಿಗೆ ಬರೆದ ಚಿತ್ರಗಳು ಗೋಡೆ, ಛಾವಣಿ ತುಂಬಾ ಇವೆ. ಅಲ್ಲಿನ ನಿಲುವಂಗಿಗಳ ಮಡಿಕೆಯಲ್ಲಿ ನೆರಳು ಯಾವ ಬಣ್ಣದ್ದು, ಬಟ್ಟೆಯ ಬಣ್ಣ ಯಾವುದು ಅಂತ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಒಂದು ಗಂಟೆ ಹಾಗೆ ನೋಡಿದರೆ ಸಾಕಷ್ಟು ಕಲಿಯಬಹುದು.

ಹಂತ 9: ಒಂದು ಪೂರ್ತಿ ಚಿತ್ರ, ಹೆಂಚಿನ ಮನೆ

1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಊರುಗಳಿಗೆ ಒಂದು ಕಿತ್ತಳೆ ಕೆಂಪು ಸೇರಿತು. ಹಸಿರು ತೋಟದ ನಡುವೆ ಹೆಂಚಿನ ಮಾಡು (ಛಾವಣಿ): ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆ ಪೂರಕ ಜೋಡಿ ಯಾರೂ ಕೊಡಲಾರರು.

ಪೆನ್ಸಿಲ್ ಗೆರೆ ಆದ ಮೇಲೆ ಮೊದಲು ಇಡೀ ಕಾಗದಕ್ಕೆ, ಆಕಾಶ ಬಿಟ್ಟು, ಸಿಯೆನ್ನಾದ ಬಹಳ ತೆಳು ವಾಶ್, ಅಂದರೆ ನೀರು ಜಾಸ್ತಿ ಬೆರೆಸಿದ ಬಣ್ಣದ ಪದರ ಕೊಡಿ. ಇದರ ಮೇಲೆ ಬರುವ ಹಸಿರು ತಾನಾಗಿ ಮಂಕಾಗುತ್ತದೆ, ಅಲ್ಲಲ್ಲಿ ಬಿಟ್ಟುಹೋದ ಸಂದಿಗಳಲ್ಲಿ ಬೆಚ್ಚಗಿನ ಬಣ್ಣ ಇಣುಕಿ ಹಸಿರನ್ನು ಮಿನುಗಿಸುತ್ತದೆ. ಒಂದೇ ವಾಶ್‌ಗೆ ಎರಡೂ ಕೆಲಸ. ಅಕ್ರಿಲಿಕ್‌ನಲ್ಲಾದರೆ ಈ ತಳವನ್ನು ಇನ್ನೂ ಧೈರ್ಯವಾಗಿ ದಪ್ಪ ಕೆಂಪಿನಲ್ಲಿ ಹಾಕಬಹುದು. ಇಟಲಿಯ ಹಳೆ ಚಿತ್ರಕಾರರು ಮುಖದ ಗುಲಾಬಿ ಬಣ್ಣದ ಕೆಳಗೆ ಹಸಿರು ಮಣ್ಣಿನ ಬಣ್ಣ ಹಾಕುತ್ತಿದ್ದದ್ದೂ ಇದೇ ಲೆಕ್ಕದಲ್ಲಿ.

ತಳ ಪೂರ್ತಿ ಒಣಗಲಿ. ಮಳೆಗಾಲದಲ್ಲಿ ನಮ್ಮಲ್ಲಿ ಇದಕ್ಕೆ ತುಂಬಾ ಹೊತ್ತು ಬೇಕು, ಕೈ ಹಿಂಭಾಗ ಮುಟ್ಟಿಸಿದಾಗ ತಣ್ಣಗಿದ್ದರೆ ಒಳಗೆ ಇನ್ನೂ ಒದ್ದೆ. ಹೇರ್ ಡ್ರೈಯರ್ ಬಳಸಿ, ಸ್ವಲ್ಪ ದೂರ ಹಿಡಿದು. ಅರ್ಧ ಒಣಗಿದ ಕೆಂಪಿನ ಮೇಲೆ ಹಸಿರು ಹಾಕಿದರೆ ಎರಡೂ ಬೆರೆತು ಕೊಳೆಯಾಗುತ್ತದೆ.

ಆಮೇಲೆ ಹಿಂದಿನ ತೋಟ, ಹಂತ 5ರಲ್ಲಿ ಹೇಳಿದ ಹಾಗೆ ದೂರದ್ದು ಬೂದು, ಹತ್ತಿರದ್ದು ಹಸಿರು. ಮಾಡಿನ ಅಂಚಿಗೆ ತಾಗುವ ಜಾಗದಲ್ಲಿ ಹಸಿರು ಸ್ವಲ್ಪ ಕಡುವಾಗಿ, ತಣ್ಣಗೆ ಇರಲಿ, ಆಗ ಹೆಂಚು ತಾನಾಗಿ ಮುಂದೆ ಬರುತ್ತದೆ. ಹೆಂಚಿಗೆ ಸಿಯೆನ್ನಾ ಮತ್ತು ವರ್ಮಿಲಿಯನ್. ಹಳೆ ಹೆಂಚಿನ ಮೇಲೆ ಪಾಚಿ ಕಟ್ಟಿ ಕಪ್ಪಾದ ಕಡೆ ಅದೇ ಒದ್ದೆ ಬಣ್ಣಕ್ಕೆ ವಿರಿಡಿಯನ್ ಒಂದು ಚುಕ್ಕಿ ಬಿಡಿ, ಪೂರಕ ಸೇರಿ ಆ ಕಪ್ಪು ಅಲ್ಲೇ ಹುಟ್ಟುತ್ತದೆ. ಇಡೀ ಮಾಡನ್ನು ಹೊಸ ಹೆಂಚಿನ ಬಣ್ಣದಲ್ಲಿ ಹೊಡೆದರೆ ಚಿತ್ರ ಹಾಳಾಗುತ್ತದೆ, ಬಿಸಿಲು ಬಿದ್ದ ಒಂದು ಮೂಲೆ ಮಾತ್ರ ಶುದ್ಧವಾಗಿರಲಿ. ಮಾಡಿನ ಕೆಳಗಿನ ಜಗಲಿಯ ಕತ್ತಲೆಗೆ ಅಲ್ಟ್ರಾಮರೀನ್ ಮತ್ತು ಸಿಯೆನ್ನಾ ದಟ್ಟವಾಗಿ.

ಈಗ ಕಪ್ಪು-ಬಿಳುಪು ಫೋಟೋ ತೆಗೆದು ನೋಡಿ. ಮಾಡು ಮತ್ತು ತೋಟ ಒಂದೇ ಬೂದಾಗಿದ್ದರೆ ತೋಟದ ಮೇಲೆ ಇನ್ನೊಂದು ತೆಳು ಕಡು ವಾಶ್ ಕೊಡಿ.

ಕೊನೆಗೆ ಒಂದೇ ಒಂದು ಶುದ್ಧ ಕೆಂಪು ಉಳಿಸಿಕೊಳ್ಳಿ. ಅದು ಹಗ್ಗದ ಮೇಲೆ ಒಣಗಲು ಹಾಕಿದ ಲಂಗ ಇರಬಹುದು, ಬೇಲಿಯ ದಾಸವಾಳ ಇರಬಹುದು. ಚಿತ್ರದ ಸರಿ ನಡುವೆ ಇಡಬೇಡಿ, ಅತಿ ಮಂಕಾದ ಹಸಿರಿನ ಪಕ್ಕದಲ್ಲಿ ಇಡಿ. ಎರಡನೆಯ ಕೆಂಪು ಹಾಕಬೇಕು ಅನ್ನಿಸುತ್ತದೆ, ಹಾಕಬೇಡಿ, ಹಾಕಲೇಬೇಕಾದರೆ ಮೊದಲಿನದ್ದಕ್ಕಿಂತ ಚಿಕ್ಕದಾಗಿ, ಒಂದು ಹನಿ ಹಸಿರು ಸೇರಿಸಿ ಹಾಕಿ.

ಪ್ಯಾಲೆಟ್ ತೊಳೆಯುವ ಮೊದಲು ಅಲ್ಲಿ ಉಳಿದಿರುವ ಬೂದುಗಳನ್ನು ನೋಡಿ. ಈ ಚಿತ್ರದ ಎಲ್ಲಾ ಬಣ್ಣ ಸೇರಿ ಆದವು ಅವು, ಹಾಗಾಗಿ ಕಂಬದ ನೆರಳು, ಮೆಟ್ಟಿಲು, ದೂರದ ವಿದ್ಯುತ್ ತಂತಿ ಎಲ್ಲಕ್ಕೂ ಹೊಂದುತ್ತವೆ. ಚಿತ್ರ ಎರಡು ದಿನ ಗಾಳಿಗೆ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬದಲ್ಲಿಡಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಕಾಗದಕ್ಕೆ ಬೂಸ್ಟು ಬರುತ್ತದೆ.